ಪಿಸ್ತೂಲಿನ ಬಳೆ

ಒಡೆದ ಬೂದುಗುಂಬಳದ ಹೊಟ್ಟೆಗೆ ನಟರಾಜ್ ಮೊಣಕೈವರೆಗೆ ಕೈ ಹಾಕಿ ತಿರುಳನ್ನೆಲ್ಲ ರಸ್ತೆಗೆ ಬಗೆದು ಹಾಕಿದ. ಬೀಜ ಸಿಕ್ಕಿತು. ಕುಂಕುಮದ ಗಂಟು ಸಿಕ್ಕಿತು. ಯಾರೋ ಹಾಕಿದ್ದ ಐದು ಸೆಂಟಿನ ನಾಣ್ಯವೂ ಸಿಕ್ಕಿತು. ಬಳೆ ಮಾತ್ರ ಸಿಗಲಿಲ್ಲ.

“ಏನಪ್ಪಾ ನಟರಾಜ್, ಕುಂಬಳಕಾಯಿಗೆ ಪೋಸ್ಟ್‌ಮಾರ್ಟಮ್ ಮಾಡ್ತಿದೀಯಾ?”

ಎದುರುಮನೆಯ ಡಾಕ್ಟರ್ ಪಂಚಾಕ್ಷರಿ. ಬೆಳಿಗ್ಗೆ ಆಯುಧಪೂಜೆಗೆ ಇಟ್ಟಿದ್ದ ಸ್ಟೆತಾಸ್ಕೋಪನ್ನು ಚೆಂಡುಹೂವಿನ ಸಮೇತ ಕೊರಳಿಗೆ ಹಾಕಿಕೊಂಡು ಕ್ಲಿನಿಕ್ಕಿಗೆ ಹೊರಟಿದ್ದರು.

“ಬಳೆ ಅಂಕಲ್. ಕಪ್ಪು ಪ್ಲಾಸ್ಟಿಕ್ ಬಳೆ. ನಮ್ಮ ಗ್ಯಾರೇಜಲ್ಲಿ ದೇವರ ಮುಂದೆ ಇಟ್ಟಿದ್ದೆ. ನನ್ನ ಪಿಸ್ತೂಲಿಂದು.”

“ಪಿಸ್ತೂಲಿಂದಾ?” ಡಾಕ್ಟರು ಎರಡೂ ಕಡೆ ನೋಡಿದರು. “ಮೆತ್ತಗೆ ಮಾತಾಡೋ!”

ನಟರಾಜ್ ಪರ್ತ್‌ನ ವೆಲ್ಷ್‌ಪೂಲಿನಲ್ಲಿ ಬ್ಯಾಂಕಿನ ಹಣ ಸಾಗಿಸುವ ವ್ಯಾನಿನ ಕಾವಲುಗಾರ. ಕಳ್ಳರಿಗಿಂತ ಪಿಸ್ತೂಲಿಗೇ ಹೆಚ್ಚು ಹೆದರುವವನು. ಕಂಪನಿಯ ಪಿಸ್ತೂಲು ಗಿಡ್ಡ, ಅವನ ಅಂಗೈ ಮೊರದಷ್ಟು. ಹಿಡಿದರೆ ಕಿರುಬೆರಳು ಜಾಗ ಸಿಗದೆ, ಸಿಟಿ ಬಸ್ಸಿನ ಫುಟ್‌ಬೋರ್ಡಿನ ಪ್ರಯಾಣಿಕನಂತೆ ನೇತಾಡುತ್ತಿತ್ತು. ಅದಕ್ಕೆ ಅವನಿಗೆ ಗುಂಡು ತುಂಬುವ ಉದ್ದನೆಯ ಮ್ಯಾಗಜೀನ್ ಕೊಟ್ಟರು. ಅದು ಹಿಡಿಕೆಯಿಂದ ಕೆಳಗೆ ಇಣುಕುತ್ತಿತ್ತು. ಆ ಇಣುಕುವ ಭಾಗವನ್ನು ಮುಚ್ಚಿ, ಬೆರಳಿಗೆ ಹಿಡಿತ ಕೊಟ್ಟು, ಅಂಗೈ ಚಿವುಟದಂತೆ ಕಾಯಲು ಒಂದು ಪ್ಲಾಸ್ಟಿಕ್ ಪಟ್ಟಿ. ಡಿಪೋದಲ್ಲಿ ಅದನ್ನು ಸ್ಪೇಸರ್ ಎನ್ನುತ್ತಾರೆ. ನಟರಾಜ್ ಬಳೆ ಎನ್ನುತ್ತಾನೆ.

“ನಿನ್ನ ಆಯುಧಾನೇ ಇಡದೆ ಅದೆಂಥ ಆಯುಧಪೂಜೆ?” ಎಂದು ಹೆಂಡತಿ ಗೌರಿ ಹಟ ಹಿಡಿದಿದ್ದಳು. ಪಿಸ್ತೂಲನ್ನಾಗಲಿ ಮ್ಯಾಗಜೀನನ್ನಾಗಲಿ ಮನೆಗೆ ತರುವ ಮಾತೇ ಇಲ್ಲ. ಬಳೆಯಾದರೆ ಬರೀ ಪ್ಲಾಸ್ಟಿಕ್. ನಿನ್ನೆ ಅದು ಮೆಲ್ಲಗೆ ಜೇಬಿಗೆ ಇಳಿದಿತ್ತು. ಇವತ್ತು ಮಧ್ಯಾಹ್ನದ ಶಿಫ್ಟಿಗೆ ಮೊದಲು ಅದು ಮತ್ತೆ ಮ್ಯಾಗಜೀನಿನ ಮೇಲಿರಬೇಕು. ಮೇಲ್ವಿಚಾರಕ ಡ್ಯಾರೆನ್ ಮೊದಲ ದಿನವೇ ಹೇಳಿದ್ದ: ಡಿಪೋದಿಂದ ಒಂದು ಸ್ಕ್ರೂ ಹೊರಗೆ ಹೋದರೂ ಅದರ ಹಿಂದೆಯೇ ನೀನೂ ಹೊರಗೆ.

ಜೇಬಿನಲ್ಲಿ ಫೋನು ನಡುಗಿತು. ಡ್ಯಾರೆನ್‌ನ ಮೆಸೇಜು. ನಟರಾಜ್ ಫೋನು ಹೊರಗೆ ಎಳೆದ.

“ತೆಗೀಬೇಡ!” ಡಾಕ್ಟರು ಅವನ ಕೆಂಪು ಕೈ ಹಿಡಿದರು. “ತೆಗೆದ್ರೆ ನೀಲಿ ಟಿಕ್ ಬೀಳುತ್ತೆ. ನಿಂಗೆ ವಿಷಯ ಗೊತ್ತಿತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಬ್ರಿಸ್ಬೇನಿನ ಟೂವಾಂಗ್‌ನಲ್ಲಿ ನನ್ನ ಮಗ ಧ್ರುವ ಲಾ ಓದ್ತಿದಾನೆ, ನಂಗೆ ಇದೆಲ್ಲ ಗೊತ್ತು.”

“ಜೈಲಾಗುತ್ತಾ ಅಂಕಲ್?”

“ಮೊದಲನೇ ಸಲಕ್ಕೆ ಆಗ್ಲಿಕ್ಕಿಲ್ಲ,” ಎಂದರು ಡಾಕ್ಟರು, ಗಡ್ಡೆ ಕಂಡ ರೋಗಿಗೆ ಹೇಳುವ ದನಿಯಲ್ಲಿ.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಪೊಲೀಸ್ ಕಾರೊಂದು ಬಂದು ಇವರ ಮುಂದೆಯೇ ನಿಧಾನವಾಯಿತು. ಗಾಜು ಇಳಿಯಿತು. ಒಳಗಿದ್ದ ಅಧಿಕಾರಿಣಿ ಕೆಂಪಾದ ರಸ್ತೆ ನೋಡಿದಳು, ನಟರಾಜನ ಕೆಂಪು ಕೈಗಳನ್ನು ನೋಡಿದಳು, ನಟರಾಜನ ಕಾರಿನ ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣನ್ನು ನೋಡಿದಳು. ಏನು ನಡೆಯುತ್ತಿದೆ ಎಂದು ಕೇಳಿದಳು.

ನಟರಾಜ್ ಬಾಯಿ ತೆರೆದ. ‘ಪಿ’ ಎಂಬ ಅಕ್ಷರ ತುಟಿಗೆ ಬಂದು ನಿಂತಿತು.

“ಪೂಜೆ,” ಎಂದರು ಡಾಕ್ಟರು. “ಕಾರಿಗೆ.”

ಕಾರಿಗೆ ಏನಾಗಿದೆ ಎಂದಳು.

“ಇನ್ನೂ ಏನೂ ಆಗಿಲ್ಲ. ಆಗದಿರಲಿ ಅಂತಲೇ.”

ಅವಳು ಡಾಕ್ಟರ ಕೊರಳಿನ ಹೂವಿನ ಸ್ಟೆತಾಸ್ಕೋಪನ್ನು ಒಂದು ಗಳಿಗೆ ನೋಡಿ, ರಸ್ತೆ ತೊಳೆಯಿರಿ ಎಂದು ಹೇಳಿ ಹೋದಳು. ನಟರಾಜ್ ಕುಂಬಳದ ತಿರುಳಿನ ಪಕ್ಕದಲ್ಲಿ, ಸುಮಾರಾಗಿ ಅದೇ ಆಕಾರದಲ್ಲಿ, ಕುಸಿದು ಕೂತ.

ಆಗ ಪಕ್ಕದ ಮನೆಯಿಂದ ಮಿಕ್ಸಿಯ ಸದ್ದು ಕೇಳಿಸಿತು. ಸಣ್ಣ, ನಯವಾದ, ಜೇನುನೊಣದಂಥ ಸದ್ದು. ನಟರಾಜನ ಕಿವಿ ನಿಮಿರಿತು. ಕ್ಲೋಟಿಲ್ಡಾ ಆಂಟಿಯ ಮಿಕ್ಸಿ ಹೀಗೆ ಹಾಡುವುದಲ್ಲ. ಅವರು ಬಹರೇನಿನಲ್ಲಿದ್ದ ಕಾಲದ ಆ ಮಿಕ್ಸಿ, ತಳದ ರಬ್ಬರಿನ ಕಾಲೊಂದು ಮುರಿದು, ಆನ್ ಮಾಡಿದರೆ ಕಟ್ಟೆಯ ಉದ್ದಕ್ಕೂ ಕುಣಿಯುತ್ತಾ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. “ಪೂಜೆ ನಿಮ್ಮದು ಆದ್ರೆ ಎಂತ, ಮಿಕ್ಸಿ ಎಲ್ಲರದ್ದೂ ಅಲ್ವಾ?” ಎಂದು ಬೆಳಿಗ್ಗೆ ಅದನ್ನು ತಂದು ದೇವರ ಮುಂದೆ ಇಟ್ಟವರೂ ಅವರೇ.

ನಟರಾಜ್ ಓಡಿದ. ಡಾಕ್ಟರು ಹಿಂದೆಯೇ ಓಡಿದರು.

“ಬಾ ಮಾರಾಯ!” ಕ್ಲೋಟಿಲ್ಡಾ ಆಂಟಿಯ ಮುಖ ಅರಳಿತ್ತು. “ಆರು ತಿಂಗಳಿಂದ ‘ಕಾಲು ತರ್ತೀನಿ ಆಂಟಿ, ತರ್ತೀನಿ’ ಹೇಳ್ತಾ ಇದ್ದವ, ಕಡೆಗೂ ತಂದಿಯಲ್ಲ! ನೋಡು, ಎಷ್ಟು ಪಾಪದ ಹಾಗೆ ನಿಂತಿದೆ.”

ಮಿಕ್ಸಿಯ ಮುರಿದ ಕಾಲು ಕಪ್ಪು ಬಳೆಯೊಳಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತ್ತು.

“ಅದು ನಿಮಗೆ ಅಂತ ತಂದಿದ್ದಲ್ಲ ಆಂಟಿ…”

“ಮಿಕ್ಸಿಯ ಪಕ್ಕದಲ್ಲೇ ಇಟ್ಟಿದ್ದಿ, ಅರಿಶಿನ ಕುಂಕುಮ ಹಚ್ಚಿ! ನಾನು ನಮ್ಮ ಯಜಮಾನರಿಗೆ ಹೇಳಿದೆ, ಹುಡುಗನಿಗೆ ನಾಚಿಕೆ, ಹೇಳದೆ ಕೊಟ್ಟಿದ್ದಾನೆ ಅಂತ.”

“ಅದು ಪಿಸ್ತೂಲಿಂದು ಆಂಟಿ!”

“ಇರ್ಲಿ. ಈಗ ಮಿಕ್ಸಿಯದ್ದು.”

“ಆಂಟಿ, ಅದಿಲ್ದೆ ಹೋದ್ರೆ ನನ್ನ ಕೆಲಸ ಹೋಗುತ್ತೆ. ಕಾಲಿಗೆ ಬೀಳ್ತೀನಿ.”

“ನನ್ನ ಕಾಲಿಗೆ ಬಿದ್ದು ಎಂತ ಮಾಡುದು, ಕಾಲು ಬೇಕಾದ್ದು ಮಿಕ್ಸಿಗೆ. ಮಗಳು ಅನಿಟಾ ಅಡಿಲೇಡಿನಿಂದ ಬರ್ತಾಳೆ, ಮೀನು ತಂದಾಗಿದೆ, ಮಸಾಲೆ ಅರ್ಧ ಆಗಿದೆ. ನಂಗೆ ರುಬ್ಲಿಕ್ಕೆ ಒಂದು ಮಿಕ್ಸಿ ಬೇಕು, ಅಷ್ಟೇ.”

ಗೌರಿ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಳು. ಅವಳ ಹೊಸ ಮಿಕ್ಸಿ, ಅವಳ ಅಣ್ಣ ಮೈಸೂರಿನಿಂದ ವಿಮಾನದಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದದ್ದು, ಹೂವು ಮುಡಿದು ಅಡುಗೆಮನೆಯಲ್ಲಿ ಕೂತಿತ್ತು. ಪಕ್ಕದಲ್ಲಿ ದೋಸೆಗೆ ನೆನೆಹಾಕಿದ ಅಕ್ಕಿ. ‘ಸಂಜೆ ಬಂದು ರುಬ್ತೀನಿ, ಅದನ್ನ ಮುಟ್ಬೇಡ’ ಎಂದು ಹೇಳಿಯೇ ಹೋಗಿದ್ದಳು. ನಟರಾಜ್ ಕಣ್ಣು ಮುಚ್ಚಿಕೊಂಡು ಅದನ್ನು ಎತ್ತಿದ.

“ಸಂಜೆವರೆಗಾ, ಪೂರ್ತಿಗಾ?” ಎಂದರು ಕ್ಲೋಟಿಲ್ಡಾ ಆಂಟಿ, ಬಳೆಯ ಮೇಲಿನ ಕೈ ತೆಗೆಯದೆ.

ಫೋನು ಮತ್ತೆ ನಡುಗಿತು. ಡ್ಯಾರೆನ್.

“ಪೂರ್ತಿ ಆಂಟಿ! ಪೂರ್ತಿ ನಿಮ್ದೇ!”

“ನಾನೇ ಸಾಕ್ಷಿ,” ಎಂದರು ಡಾಕ್ಟರು, ಯಾರೂ ಕೇಳದಿದ್ದರೂ.

ಡಿಪೋದಲ್ಲಿ ನಟರಾಜ್ ಬಳೆಯನ್ನು ಮ್ಯಾಗಜೀನಿಗೆ ತೊಡಿಸಿದ. ತೆಂಗಿನಕಾಯಿ ಮಸಾಲೆಯ ಜಿಡ್ಡಿಗೆ ಅದು ಸಲೀಸಾಗಿ ಹತ್ತಿತು. ತೀರಾ ಸಲೀಸಾಗಿ. ಹಿಂದೆ ಬೂಟಿನ ಸದ್ದಾಯಿತು. ಅವನು ಗಡಿಬಿಡಿಯಲ್ಲಿ ಮ್ಯಾಗಜೀನನ್ನು ಪಿಸ್ತೂಲಿಗೆ ತಳ್ಳಿದ. ಜಿಡ್ಡಿನ ಬಳೆ ಮೇಲಕ್ಕೆ ಜಾರಿ ಅಡ್ಡ ನಿಂತಿತು. ‘ಕ್ಲಿಕ್’ ಎನ್ನಬೇಕಾದದ್ದು ‘ಪಿಚಕ್’ ಎಂದಿತು.

ಪಿಸ್ತೂಲು ತೋರಿಸು ಎಂದ ಡ್ಯಾರೆನ್. ನಟರಾಜ್ ಎತ್ತಿದ. ಪಿಸ್ತೂಲು ಮೇಲೆ ಬಂತು, ಮ್ಯಾಗಜೀನ್ ಡ್ಯಾರೆನ್‌ನ ಬೂಟಿನ ಮೇಲೆ ಬಿತ್ತು.

ಡ್ಯಾರೆನ್ ಬಗ್ಗಿ, ಬಳೆಯನ್ನು ಎರಡು ಬೆರಳಲ್ಲಿ ಎತ್ತಿ ಮೂಸಿದ.

“ಮೇಟ್,” ಎಂದ ಡ್ಯಾರೆನ್, “ನನ್ನ ಮೆಸೇಜು ಓದಲಿಲ್ಲವಾ?”

ಅಡಿಲೇಡಿನ ಡಿಪೋದಲ್ಲಿ ಒಬ್ಬನ ಮ್ಯಾಗಜೀನ್ ಹೀಗೇ ಬಿದ್ದಿತ್ತಂತೆ. ಜಾರುವ ಸ್ಪೇಸರ್‌ಗಳನ್ನೆಲ್ಲ ಕಿತ್ತೆಸೆಯಿರಿ ಎಂದು ಬ್ರಿಸ್ಬೇನಿನ ಹೆಡ್ ಆಫೀಸು ಬೆಳಿಗ್ಗೆಯೇ ಆರ್ಡರ್ ಕಳಿಸಿತ್ತು. ಮೂಲೆಯ ಬಕೆಟ್ಟಿನ ತುಂಬ ಬಳೆಗಳಿದ್ದವು. ನಿನ್ನದು ಕಾಣಲಿಲ್ಲ, ನಾನೇ ಎಸೆದಿರಬೇಕು ಅಂದುಕೊಂಡೆ, ಎಂದ ಡ್ಯಾರೆನ್. ಇನ್ನು ಮೇಲೆ ನಿನಗೆ ಹಳೆಯ ಗಿಡ್ಡ ಮ್ಯಾಗಜೀನೇ. ಅದು ಬರುವವರೆಗೆ ವ್ಯಾನು ಹತ್ತುವಂತಿಲ್ಲ, ಮನೆಗೆ ಹೋಗು.

ನಟರಾಜ್ ತನ್ನ ಕಿರುಬೆರಳನ್ನು ನೋಡಿಕೊಂಡ. ಆಮೇಲೆ ಬಕೆಟ್ಟನ್ನು ನೋಡಿದ. ಬೇಕಾದಷ್ಟು ತಗೋ ಎಂದ ಡ್ಯಾರೆನ್.

ಮನೆಯ ಬೀದಿಗೆ ತಿರುಗುವಾಗ ಗೌರಿಯ ಮೆಸೇಜು ಬಂತು. ‘ಹೊರಟಿದೀನಿ. ಅಕ್ಕಿ ನೆಂದಿದ್ಯಾ ನೋಡು.’ ಗಾಬರಿಯಲ್ಲಿ ಈ ಸಲ ಅವನು ತೆರೆದೇಬಿಟ್ಟ. ನೀಲಿ ಟಿಕ್ ಬಿತ್ತು.

ಕ್ಲೋಟಿಲ್ಡಾ ಆಂಟಿಯ ಹಳೆಯ ಮಿಕ್ಸಿ ಆಗಲೇ ಕಸದ ಡಬ್ಬಿಯ ಪಕ್ಕ ವಾಲಿ ನಿಂತಿತ್ತು. ನಟರಾಜ್ ಅದನ್ನು ಬಗಲಲ್ಲಿ ಎತ್ತಿಕೊಂಡು ಆಂಟಿಯ ಅಡುಗೆಮನೆಗೆ ನುಗ್ಗಿದ. ಎರಡೂ ಜೇಬು ಬರಿದುಮಾಡಿ ಬಳೆಗಳನ್ನೆಲ್ಲ ಕಟ್ಟೆಯ ಮೇಲೆ ಸುರಿದ.

“ತಗೊಳ್ಳಿ ಆಂಟಿ. ಮಿಕ್ಸಿಯ ನಾಲ್ಕು ಕಾಲಿಗೂ ಒಂದೊಂದು, ಮೇಲೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗುವಷ್ಟು. ಗೌರಿಯ ಮಿಕ್ಸಿ ಒಂದು ಕೊಟ್ಬಿಡಿ. ಅವಳು ಸಿಗ್ನಲ್ ಹತ್ರ ಬಂದಿರ್ತಾಳೆ.”

ಕ್ಲೋಟಿಲ್ಡಾ ಆಂಟಿ ಹೊಸ ಜಾರಿನ ಮುಚ್ಚಳ ತೆಗೆದು, ಬೆಣ್ಣೆಯಂತೆ ರುಬ್ಬಿದ ಮಸಾಲೆಯನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿದರು. ಬಳೆಗಳ ರಾಶಿಯನ್ನು ಮೊಣಕೈಯಿಂದ ಅವನ ಕಡೆಗೇ ತಳ್ಳಿದರು.

“ಬೇಡ,” ಎಂದರು.