ಬಾತುಕೋಳಿಗೊಂದು ಟೋಪಿ

"ಕೊಕ್ಕು ಇನ್ನೊಂಚೂರು ಕೆಳಗಿಳಿಸಪ್ಪ," ಎಂದರು ಅಕೌಂಟೆಂಟರು, ಗೆರೆರಾಯನ ಕುರ್ಚಿಯ ಬೆನ್ನಿಗೆ ಮೊಣಕೈ ಊರಿ. "ನಿದ್ದೆ ಹತ್ತಿದೋರ ಮೂಗು ಅಷ್ಟು ಮೇಲಿರಲ್ಲ."

ಗೆರೆರಾಯ ಹಲ್ಲು ಕಚ್ಚಿಕೊಂಡು ಕೊಕ್ಕು ಇಳಿಸಿದ. ಬೆಳಿಗ್ಗೆ ಕೆಲಸಕ್ಕೆ ಕೂತಾಗ ಪರದೆಯ ಮೇಲೆ ಕೊಕ್ಕಿರಲಿ, ಬಾತುಕೋಳಿಯೇ ಇರಲಿಲ್ಲ. ಇದ್ದದ್ದು ಒಂದು ಬಾಗಿದ ಗೆರೆ. ದಣಿದ ತಲೆ ತಾಕಿದಾಗ ದಿಂಬು ಎಷ್ಟು ತಗ್ಗುತ್ತದೋ ಅಷ್ಟೇ ತಗ್ಗಿದ ಗೆರೆ. ದಿಂಬಿನ ಕಂಪನಿಯೊಂದಕ್ಕೆ ಹೊಸ ಲೋಗೋ ಅದು. ಆ ತಗ್ಗು ಸರಿಹೋಗಲೆಂದು ಅವನು ವಾರಗಟ್ಟಲೆ ನಿದ್ದೆಗೆಟ್ಟಿದ್ದ. ಯಾರು ಏನು ಕೇಳಿದರೂ ಗೆರೆಯೊಂದನ್ನೇ ಎಳೆದು ಕೊಡುತ್ತಾನೆಂದು ಆಫೀಸಿನವರು ಅವನಿಗಿಟ್ಟ ಹೆಸರು ಗೆರೆರಾಯ.

ವಿನ್ಯಾಸದ ಪತ್ರಿಕೆಯೊಂದು ವರ್ಷಕ್ಕೊಮ್ಮೆ, ಗಮನಿಸಲೇಬೇಕಾದ ಹೊಸ ಲೋಗೋಗಳನ್ನು ಆರಿಸಿ ಅಚ್ಚು ಹಾಕುತ್ತಿತ್ತು. ಪ್ರತಿಯೊಂದರ ಕೆಳಗೂ ಮಾಡಿದವರ ಹೆಸರು. ಈ ಸಂಜೆಯೊಳಗೆ ದಿಂಬಿನ ಸಾಹುಕಾರರು ಒಪ್ಪಿಬಿಟ್ಟರೆ ಈ ಸಲ ಅವನ ಹೆಸರೂ ಬರುವುದಿತ್ತು. ಊರಲ್ಲಿರುವ ಅಕ್ಕನಿಗೆ ಹೇಳಿಯೂ ಆಗಿತ್ತು. ಅಕ್ಕನಿಗೆ ಹೇಳುವುದೆಂದರೆ ಇಡೀ ಬಂಧುಬಳಗಕ್ಕೆ ಡಂಗುರ ಸಾರಿದಂತೆ.

ಆ ಆಫೀಸಿನ ಯಜಮಾನರಿಗೆ ಎರಡು ಕಟ್ಟಳೆಗಳಿದ್ದವು. ಗಿರಾಕಿಯ ಹಳೆಯ ಲೋಗೋವನ್ನು ಹೊಸದು ಮುಗಿಯುವವರೆಗೆ ಡಿಸೈನರ್ ನೋಡಕೂಡದು. "ಹಳೇದು ಕಣ್ಣಿಗೆ ಬಿದ್ರೆ ಕೈ ಅದರ ಹಿಂದೇನೇ ಹೋಗತ್ತೆ," ಎನ್ನುತ್ತ ಅವರು ತಾವೂ ನೋಡದೆ ಲಕೋಟೆ ಸಮೇತ ಬೀರುವಿಗೆ ಹಾಕಿ ಬೀಗ ಜಡಿಯುತ್ತಿದ್ದರು. ಗೆರೆರಾಯನಿಗೆ ಇದರಿಂದ ತೊಂದರೆಯೇನೂ ಆಗಿರಲಿಲ್ಲ. ಅವನು ಈ ಊರಿಗೆ ಹೊಸಬ, ಸಾಲದ್ದಕ್ಕೆ ಕತ್ತುನೋವಿಗೆಂದು ಡಾಕ್ಟರು ಅವನಿಗೆ ದಿಂಬನ್ನೇ ಬಿಡಿಸಿದ್ದರು. ಅವನ ಪ್ರಾಣ ಹಿಂಡುತ್ತಿದ್ದದ್ದು ಎರಡನೆಯ ಕಟ್ಟಳೆ: ಗಿರಾಕಿಗೆ ತೋರಿಸುವ ಮೊದಲು ಆಫೀಸಿನ ಪ್ರತಿಯೊಬ್ಬರೂ 'ಚೆನ್ನಾಗಿದೆ' ಎನ್ನಬೇಕು.

ಮೊದಲು ಕೊಂಕು ತೆಗೆದದ್ದು ಫೋನಿನ ಹತ್ತಿರ ಕೂರುವ ಅಕ್ಕ. "ಇದೇನು, ಬಟ್ಟೆ ಒಣಗ್ಹಾಕೋ ಹಗ್ಗಾನಾ? ಎರಡೂ ತುದಿ ಚೂಪು ಮಾಡೋ, ಚಂದ್ರ ಆಗತ್ತೆ."

ಚಂದ್ರನಾಯಿತು. ಅಕೌಂಟೆಂಟರು ಬಂದು ಚಂದ್ರನನ್ನು ತಲೆ ಓರೆ ಮಾಡಿ ನೋಡಿದರು. "ಖಾಲಿ ಬಿದ್ದಿದೆಯಲ್ಲೋ. ಮೇಲೆ ಒಂದು ಬಾತುಕೋಳಿ ಮಲಗಿಸು."

"ಬಾತುಕೋಳಿ ಯಾಕೆ ಸಾರ್?"

"ಗೊತ್ತಿಲ್ಲಪ್ಪ. ತಟ್ಟನೆ ಹೊಳೀತು."

ಬಾತುಕೋಳಿ ಮಲಗಿತು, ಕೊಕ್ಕು ಇಳಿಯಿತು. ಅಷ್ಟರಲ್ಲಿ ಕಾರಿನ ಕೀ ಇಡಲು ಬಂದ ಡ್ರೈವರಣ್ಣ ಅಲ್ಲೇ ನಿಂತುಬಿಟ್ಟ.

"ಟೋಪಿ ಎಲ್ಲಿ?"

"ಬಾತುಕೋಳಿಗೆ ಯಾಕಣ್ಣ ಟೋಪಿ?"

"ಚಳಿ ಆಗಲ್ವಾ ಅದಕ್ಕೆ? ಕೆಂಪು ಟೋಪಿ ಹಾಕು, ತುದೀಲಿ ಒಂದು ಕುಚ್ಚು ಬಿಡು."

"ಕುಚ್ಚು ಎಡಕ್ಕಿರಲಿ," ಎಂದಳು ಫೋನಿನಕ್ಕ ಆಚೆಯಿಂದ, ಯಾರೋ ಕೇಳಿದರೆಂಬಂತೆ.

ಟೋಪಿ ಹಾಕಿಕೊಂಡ ಬಾತುಕೋಳಿ, ಮದುವೆಮನೆಯಲ್ಲಿ ಎರಡನೇ ಪಂಕ್ತಿ ಮುಗಿಸಿ ಸಿಕ್ಕಲ್ಲಿ ಒರಗಿದ ಸೋದರಮಾವನ ಹಾಗೆ ಕಾಣುತ್ತಿತ್ತು. ಗೆರೆರಾಯನಿಗೆ ಅಳು ಬಂತು. ಉಳಿದವರಿಗೆ ಆಕಳಿಕೆ ಬಂತು. ಮೊದಲು ಅಕೌಂಟೆಂಟರು, ಆಮೇಲೆ ಫೋನಿನಕ್ಕ, ಡ್ರೈವರಣ್ಣ.

"ಯಾಕೋ ನೋಡಿದ್ರೇ ಹಾಯ್ ಅನ್ಸತ್ತೆ," ಎಂದ ಡ್ರೈವರಣ್ಣ. "ಚೆನ್ನಾಗಿದೆ."

ಯಜಮಾನರೂ ಬಂದು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿ, "ಚೆನ್ನಾಗಿದೆ," ಎಂದರು.

ದಿಂಬಿನ ಸಾಹುಕಾರರು ಇಳಿಹೊತ್ತಿಗೆ ತಮ್ಮ ವಯಸ್ಸಾದ ತಾಯಿಯೊಂದಿಗೆ ಬಂದರು. ಪರದೆ ನೋಡಿದರು. ಗೆರೆರಾಯನನ್ನು ನೋಡಿದರು. ಮತ್ತೆ ಪರದೆ ನೋಡಿದರು.

"ಇದು ನಮ್ಮ ಹಳೇದೇ ಅಲ್ವಾ?"

ಯಜಮಾನರು ಬೀರು ತೆಗೆದು ಲಕೋಟೆ ಹರಿದರು. ಚಂದ್ರ, ಬಾತುಕೋಳಿ, ಕೆಂಪು ಟೋಪಿ. ಕುಚ್ಚು ಎಡಕ್ಕೇ ಇತ್ತು. ಈ ಊರಿನ ಪ್ರತಿ ದಿಂಬಿನ ಮೂಲೆಯಲ್ಲೂ ಹೊಲಿದಿರುವ ಗುರುತು ಅದು. ಹುಟ್ಟಿದಾರಭ್ಯ ಅದಕ್ಕೆ ಕೆನ್ನೆ ಒತ್ತಿ ಮಲಗಿದ ಮೂವರೂ ತಂತಮ್ಮ ಮೇಜಿನತ್ತ ಮೆಲ್ಲನೆ ಸರಿದರು.

ಗೆರೆರಾಯ ಪರದೆ ಆರಿಸಲು ಕೈ ಚಾಚಿದ. ಸಾಹುಕಾರರ ಮುಖ ಮಾತ್ರ ಅರಳಿತು. "ಬದಲಾಯಿಸೋದು ಬೇಡ ಅಂತ ನಾನೂ ಹೇಳ್ತಾನೇ ಇದ್ದೆ. ನೋಡದೇನೇ ಇದನ್ನೇ ಬರೆದ್ರು ಅಂದ್ಮೇಲೆ ಇನ್ನೇನು ಮಾತು?" ಎಂದು ಅಲ್ಲೇ ಸಹಿ ಹಾಕಿಬಿಟ್ಟರು. ತಾಯಿ ಪರದೆಗೆ ಬೆನ್ನು ತಿರುಗಿಸಿ ಕೂತರು.

ಯಜಮಾನರು ಚುರುಕು ಮನುಷ್ಯ. ಪತ್ರಿಕೆಯ ಸಂಪಾದಕರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೊಸ ಬಗೆಯ ಸಂಶೋಧನೆಯೆಂಬಂತೆ ವರ್ಣಿಸಿದರು.

"ಹಳೇದಕ್ಕೇ ವಾಪಸ್ ಬರೋದಾ? ಎಂಥ ಧೈರ್ಯ ಸಾರ್," ಎಂದಿತು ಫೋನು. "ಮುಖಪುಟಕ್ಕೇ ಹಾಕ್ತೀವಿ. ಆದ್ರೆ ಹೆಸರು ಮೊದಲು ಬರೆದೋರದ್ದು. ಯಾರದು?"

"ನಮ್ಮಮ್ಮಂದು," ಎಂದರು ಸಾಹುಕಾರರು.

ತನ್ನ ಹೆಸರು ಕೈತಪ್ಪಿತೆಂದು ಗೆರೆರಾಯ ತಕರಾರಿಗೆ ಬಾಯಿ ತೆರೆದ. ಆದರೆ ಪರದೆಯ ಮೇಲಿನ ಟೋಪಿ ಕಣ್ಣಿಗೆ ಬಿತ್ತು. ದೇಶದ ಡಿಸೈನರುಗಳೆಲ್ಲ ಈ ಬಾತುಕೋಳಿಯನ್ನು ನೋಡಿ, ಕೆಳಗೆ ತನ್ನ ಹೆಸರು ಓದುವುದನ್ನು ನೆನೆದ. ಹೊತ್ತ ಮೂಟೆ ಕೆಳಗಿಟ್ಟಷ್ಟು ಹಗುರವಾಯಿತು. ಮುದುಕಮ್ಮನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ.

"ಅಮ್ಮಾ, ನಿಮ್ಮ ಹೆಸರು ದೊಡ್ಡದಾಗಿ ಹಾಕ್ಸೋಣ. ಫೋಟೋನೂ ಹಾಕ್ತಾರೆ. ನನ್ನ ಹೆಸರು ಎಲ್ಲೂ ಬೇಡ."

"ಇವನು ಕೂಸಾಗಿದ್ದಾಗ ರಚ್ಚೆ ಹಿಡಿದಿದ್ದ," ಎಂದರು ಅವರು, ಮಗನತ್ತ ಗಲ್ಲ ತೋರಿಸಿ. "ಸುಮ್ಮನಿರ್ಲಿ ಅಂತ ಏನೋ ಗೀಚಿದೆ. ಇವರಪ್ಪ ತಗೊಂಡ್ಹೋಗಿ ದಿಂಬಿಗೆ ಹೊಲಿಸಿಬಿಟ್ರು. ಅವತ್ತಿಂದ ತೆಗೀರಿ ತೆಗೀರಿ ಅಂತ ಬಡ್ಕೋತಿದೀನಿ. ಇವನು ಒಪ್ಪಲಿ ಅಂತ ಊಟ ಬಿಟ್ಟು ಕೂತೆ, ಆಮೇಲೆ ಹೊಸದು ಮಾಡ್ಸೋಕೆ ನಿಮ್ಮ ಹತ್ರ ಬಂದ."

"ಆದ್ರೂ ಬರೆದಿದ್ದು ನೀವೇ ಅಲ್ವಾಮ್ಮಾ?"

"ಅವತ್ತು ನಾನು. ಇವತ್ತು ನೀನು, ನಿನ್ನ ಹೆಸರೇ ಹಾಕ್ಲಿ," ಎಂದು ಮುದುಕಮ್ಮ ಫೋನಿನತ್ತ ಬಾಗಿ, ಸಂಪಾದಕರಿಗೂ ಸ್ಪಷ್ಟವಾಗಿ ಕೇಳುವಂತೆ ಹೇಳಿದರು. "ನಂದು ಬೇಡ."