ಕಬ್ಬಿಣದ ಪೆಟ್ಟಿಗೆಯ ಫೋನುಗಳು

ನಾನು ಫೋನ್ ಜೋಡಿಸಲು ಹೋದಲ್ಲೆಲ್ಲ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತಿತ್ತು. "ನೀವು ಹೋದಲ್ಲೇ ಯಾಕ್ರೀ ಹೀಗಾಗೋದು?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಯಿಂದ ಹತ್ತು ಹನ್ನೆರಡು ವರ್ಷ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯೆಲ್ಲ ನನ್ನ ಓಡಾಟ. ಕಲ್ಲು ಕ್ವಾರಿ, ಮರದ ಮಿಲ್ಲು, ಲಾಂಚ್ ನಿಲ್ಲುವ ಕಡವು, ಇಂಥ ಜಾಗಕ್ಕೆಂದೇ ಬರುತ್ತಿದ್ದ ಗಟ್ಟಿ ಫೋನುಗಳನ್ನು ಕೂರಿಸುವುದು ನನ್ನ ಕೆಲಸ. ಎರಕದ ಕಬ್ಬಿಣದ ಪೆಟ್ಟಿಗೆ, ಬಾಗಿಲಿಗೆ ರಬ್ಬರ್ ಪಟ್ಟಿ, ಪಕ್ಕದಲ್ಲೊಂದು ಹಿಡಿ. ಹಿಡಿ ತಿರುಗಿಸಿದರೆ ಆ ಕಡೆ ಗಂಟೆ ಹೊಡೆಯಬೇಕು, ಅಷ್ಟೆ. ಬಸ್ಸಿಗೆ ಹತ್ತಿಸುವಾಗ ಕಂಡಕ್ಟರ್, "ಇದೆಂತ ಮಾರಾಯ್ರೆ, ಒರಳುಕಲ್ಲಾ?" ಎನ್ನುತ್ತಿದ್ದ. ಆ ಭಾರ ನನ್ನ ಎಡಭುಜಕ್ಕೆ ಈಗಲೂ ನೆನಪಿದೆ.

ಗಂಟೆ ನಿಲ್ಲದೆ

ರಿಪ್ಪನ್‌ಪೇಟೆ ಹತ್ತಿರದ ಒಂದು ಕಲ್ಲು ಕ್ವಾರಿ. ಅಲ್ಲಿನ ಮೇಸ್ತ್ರಿಗೆ ವರ್ಷಗಟ್ಟಲೆ ಬಂಡೆ ಸಿಡಿಸಿ ಸಿಡಿಸಿ ಕಿವಿ ಮಂದ. ಫೋನಿನ ಗಂಟೆ ಕೇಳಿಸುವುದಿಲ್ಲ ಎಂದು ದೂರು ಬಂತು. ನಾನು ಶಾಲೆಯ ಗಂಟೆಯಷ್ಟು ದೊಡ್ಡದನ್ನು ತಂದು ಜೋಡಿಸಿದೆ. ಹೊಡೆದರೆ ಎದುರಿನ ಗುಡ್ಡದ ಮಂಗಗಳೂ ಎದ್ದು ಕೂರಬೇಕು. ಹೆಮ್ಮೆಯಿಂದ ಮನೆಗೆ ಬಂದೆ.

ಮಾರನೆಯ ದಿನ ಸಾಗರದಿಂದ ನಮ್ಮ ಎಂಜಿನಿಯರು ಕ್ವಾರಿಗೆ ಫೋನ್ ಮಾಡಿದರು. ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಅರ್ಧ ಗಂಟೆ ಬಿಡದೆ ಪ್ರಯತ್ನಿಸಿದರು. ಕೊನೆಗೆ ಸಿಟ್ಟಿನಲ್ಲಿ ನನ್ನನ್ನೂ ಜೀಪಿಗೆ ಹತ್ತಿಸಿಕೊಂಡು ಹೊರಟರು.

ನೋಡಿದರೆ ಕ್ವಾರಿ ಖಾಲಿ! ಕೂಗಿ ಕರೆದ ಮೇಲೆ ಒಂದು ದೊಡ್ಡ ಬಂಡೆಯ ಹಿಂದಿನಿಂದ ಒಬ್ಬೊಬ್ಬರೇ ತಲೆ ಹೊರಹಾಕಿದರು. ಮೇಸ್ತ್ರಿಯೂ ಅಲ್ಲೇ. ನನಗೆ ಗೊತ್ತಿರದ ಸಂಗತಿ ಏನೆಂದರೆ, ಅಲ್ಲಿ ಮದ್ದಿಗೆ ಬೆಂಕಿ ಕೊಡುವ ಮೊದಲು ಹೀಗೇ ಗಂಟೆ ಹೊಡೆಯುವುದು ರೂಢಿ. ಕೇಳಿದ ಕೂಡಲೇ ಎಲ್ಲರೂ ಓಡಿ ಅಡಗಬೇಕು, ಬಂಡೆ ಸಿಡಿಯುವವರೆಗೆ ಹೊರಗೆ ಬರುವಂತಿಲ್ಲ.

"ಫೋನ್ ಯಾಕ್ರೀ ಎತ್ತಲಿಲ್ಲ?" ಎಂಜಿನಿಯರು ಗುಡುಗಿದರು.

ಮೇಸ್ತ್ರಿ ಕೈಮುಗಿದ. "ಗಂಟೆ ನಿಲ್ಲದೆ ಹೊರಗೆ ಬಂದ್ರೆ ಜೀವ ಉಳಿತದಾ ಸಾರ್? ನೀವೇ ನಿಲ್ಲಿಸ್ಲಿಲ್ಲ!"

ಗಟ್ಟಿತನದ ಪರೀಕ್ಷೆ

ತೀರ್ಥಹಳ್ಳಿಯ ಒಬ್ಬ ಮರದ ಮಿಲ್ಲಿನ ಸಾಹುಕಾರರಿಗೆ ಮೇಜಿನ ಮೇಲಿಡುವ ನಮೂನೆಯದನ್ನು ಕೊಟ್ಟಿದ್ದೆ. ಹೊರಡುವಾಗ ಬಾಯಿ ಸುಮ್ಮನಿರಲಿಲ್ಲ. "ಇದು ಎತ್ತಿ ಹಾಕಿದ್ರೂ ಒಡೆಯಲ್ಲ ಸ್ವಾಮಿ" ಎಂದುಬಿಟ್ಟೆ.

ತಿಂಗಳೊಳಗೆ ದೂರು ಬಂತು. ಓಡಿದೆ. ಫೋನ್ ಪರೀಕ್ಷಿಸಿದೆ, ಮಾತು ಪಕ್ಕದಲ್ಲೇ ಕೂತು ಆಡಿದಷ್ಟು ಸ್ಪಷ್ಟ.

"ಎಂತ ತೊಂದರೆ?" ಎಂದೆ.

ಅವರು ಕುರ್ಚಿ ಸರಿಸಿ ಕೆಳಗೆ ತೋರಿಸಿದರು. ಸಿಮೆಂಟ್ ನೆಲದಲ್ಲಿ ಪಾತ್ರೆ ಇಡುವಷ್ಟು ಗುಂಡಿ. ಬಂದ ಗಿರಾಕಿಗಳಿಗೆಲ್ಲ ಫೋನ್ ಎತ್ತಿ ಹಾಕಿ ತೋರಿಸಿದ್ದರಂತೆ.

"ಫೋನಿಗೆ ಏನೂ ಆಗಲ್ಲ ಮಾರಾಯ್ರೆ, ನೀವು ಹೇಳಿದ್ದು ಸತ್ಯ" ಎಂದರು. "ಇದೇ ಕಂಪನಿಯ ನೆಲ ಸಿಗ್ತದಾ?"

ಕಡವಿನ ಫೋನು

ಸಾಗರದ ಕಡೆ ಹಿನ್ನೀರಿನ ದಂಡೆಯಲ್ಲಿ ಲಾಂಚಿಗೆ ಕಾಯುವವರ ತಂಗುದಾಣ. ಅದರ ಹೊರಗೋಡೆಗೆ ತುರ್ತು ಫೋನ್ ಕೂರಿಸಿದ್ದೆ. ಹಿಡಿ ತಿರುಗಿಸಿದರೆ ನೇರ ಆಸ್ಪತ್ರೆಗೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ಅದರ ಬ್ಯಾಟರಿ ಸೆಲ್ ಬದಲಿಸಲು ಹೋಗಿ, ಒಳಗಿನದನ್ನೆಲ್ಲ ಬಿಚ್ಚಿ ಗೋಣಿಚೀಲದ ಮೇಲೆ ಹರಡಿಕೊಂಡಿದ್ದೆ. ಆಗಲೇ ಲಾಂಚ್ ಬಂತು. ತುಂಬು ಬಸುರಿಯೊಬ್ಬಳು, ಅವಳ ತಾಯಿ, ಅವಳ ಗಂಡ ಇಳಿದರು. ಆಕೆ ನಾಲ್ಕು ಹೆಜ್ಜೆ ಇಟ್ಟು ಹೊಟ್ಟೆ ಹಿಡಿದು ಕೂತುಬಿಟ್ಟಳು.

ತಾಯಿ ನನ್ನ ಗೋಣಿಚೀಲ ನೋಡಿದರು. "ಎಷ್ಟು ಹೊತ್ತು ಬೇಕು ತಮ್ಮಾ?"

"ಐದೇ ನಿಮಿಷ ಅಮ್ಮಾ."

"ಇವಳಿಗೆ ಅಷ್ಟು ಪುರಸೊತ್ತಿಲ್ಲ."

ಅವರು ಮಗಳನ್ನು ತಂಗುದಾಣದೊಳಗೆ ಕರೆದೊಯ್ದು ಬಾಗಿಲಿಗೆ ಸೀರೆ ಕಟ್ಟಿದರು. ನಾನು ಅವಸರವಾಗಿ ತಂತಿ ಜೋಡಿಸಿದೆ. ಒಂದು ಸ್ಕ್ರೂ ಎಲ್ಲೋ ಉರುಳಿಹೋಗಿತ್ತು. ಅದು ಹಿಡಿಯಬೇಕಿದ್ದ ತಂತಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಬಿಟ್ಟರೆ ಲೈನ್ ಹೋದ ಹಾಗೇ. ಗಂಡ ಹಿಡಿ ತಿರುಗಿಸಿದ. ನರ್ಸಮ್ಮ ಎತ್ತಿದರು. ಜನ್ಮದಲ್ಲೇ ಮೊದಲ ಸಲ ಫೋನ್ ಹಿಡಿದವನು ಅವನು.

"ನಮಸ್ಕಾರ ಸಿಸ್ಟರ್, ಆರಾಮಾ? ತಿಂಡಿ ಆಯ್ತಾ?" ಎಂದ.

"ಅವರ ತಿಂಡಿ ಆಮೇಲೆ ಕೇಳ್ರೀ!" ಒಳಗಿನಿಂದ ಹೆಂಡತಿ ಚೀರಿದಳು.

ರಿಸೀವರ್ ನಾನೇ ಕಸಿದುಕೊಂಡು ವಿಷಯ ಹೇಳಿದೆ. "ಜೀಪ್ ಕಳಿಸುತ್ತೇವೆ, ಬರಲು ಅರ್ಧ ಗಂಟೆ ಬೇಕು, ಅಲ್ಲಿಯವರೆಗೆ ನಾನು ಹೇಳಿದ್ದನ್ನು ಒಳಗೆ ದಾಟಿಸಿ" ಎಂದರು ನರ್ಸಮ್ಮ. ಸೀರೆಗೆ ಬೆನ್ನು ಮಾಡಿ ನಿಂತು ಕೂಗತೊಡಗಿದೆ.

"ದೀರ್ಘ ಉಸಿರು ತಗೋಬೇಕಂತೆ!"

ಪಕ್ಕದಲ್ಲಿ ಗಂಡ ದೀರ್ಘ ಉಸಿರು ತಗೊಂಡ.

"ಈಗ ಬಲವಾಗಿ ಮುಕ್ಕಬೇಕಂತೆ!"

ಅವನು ಕಂಬ ಹಿಡಿದು ಕಣ್ಣು ಮುಚ್ಚಿ ಮುಕ್ಕಿದ. ಮುಖ ಕೆಂಪಾಯಿತು. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೆಬ್ಬೆರಳು ಜೋಮು ಹಿಡಿದಿತ್ತು. ಒಳಗೆ ಆಕೆ ಒಮ್ಮೆ ಜೋರಾಗಿ ನರಳಿದಳು. ಹೊರಗೆ ದೊಡ್ಡದಾಗಿ ಅಳು ಕೇಳಿಸಿತು.

"ಸದ್ಯ, ಮಗು ಅತ್ತಿತು!" ನರ್ಸಮ್ಮ ಖುಷಿಯಿಂದ ಹೇಳಿದರು. "ಗಂಡಾ, ಹೆಣ್ಣಾ?"

"ಗಂಡೇ ಸಿಸ್ಟರ್" ಎಂದೆ. "ಆದ್ರೆ ಇದು ಅಪ್ಪ. ಮಗು ಇನ್ನೂ ಬರಬೇಕು."

ಮತ್ತೆ ಐದು ನಿಮಿಷ ಕಳೆದಿರಬೇಕು. ಸೀರೆಯ ಹಿಂದಿನಿಂದ ತೆಳ್ಳಗಿನ ಒಂದು ಕೂಗು ಬಂತು. "ಹೆಣ್ಣು ಮಗು! ಇಬ್ಬರೂ ಚೆನ್ನಾಗಿದಾರೆ!" ಎಂದರು ತಾಯಿ. ಗಂಡ ನೆಲಕ್ಕೆ ಕುಸಿದು ಕೂತ.

ಆ ಕಡೆಯಿಂದ ನರ್ಸಮ್ಮ ಈ ಸಲ ಬಹಳ ಜಾಗ್ರತೆಯಿಂದ ಕೇಳಿದರು: "ಹಲೋ, ಈಗ ಅಳ್ತಾ ಇರೋದು ಯಾರು?"

"ಮಗು, ಅಪ್ಪ, ನಾನು" ಎಂದೆ. "ಮೂರೂ ಜನ ಸಿಸ್ಟರ್."