ವಿಂಚಿನ ಜಾತಕ

ನಾನು ಓದು ನಿಲ್ಲಿಸಿದ್ದು ೧೯೮೮ರಲ್ಲಿ, ಎಂಟನೇ ಕ್ಲಾಸಿನ ನಡುವೆ. ಯಾಕೆ ಎಂದು ಕೇಳಿದವರಿಗೆ ಇದುವರೆಗೆ ಕಾರಣ ಹೇಳಿಲ್ಲ. ಅವರ ಲಾರಿ ಹಳ್ಳಕ್ಕೆ ಬಿದ್ದಾಗ ಎತ್ತಿ ಕೊಟ್ಟಿದ್ದೇನೆ, ಅಷ್ಟೇ ಉತ್ತರ. ಓದು ಬಿಟ್ಟದ್ದರಿಂದ ಪರೀಕ್ಷೆಗಳಾದರೂ ತಪ್ಪಿದವಲ್ಲ ಎಂದುಕೊಂಡಿದ್ದೆ. ಐವತ್ತನೇ ವಯಸ್ಸಿನಲ್ಲಿ ಶಿವಾಜಿನಗರದ ಒಬ್ಬ ಮುದುಕರು ನನ್ನನ್ನು ಮತ್ತೆ ಬೆಂಚಿನ ಮೇಲೆ ನಿಲ್ಲಿಸುತ್ತಾರೆಂದು ಯಾರಿಗೆ ಗೊತ್ತಿತ್ತು!

ಅವರ ಹೆಸರು ಹೇಳುವುದಿಲ್ಲ. ಗುಜರಿ ಗಲ್ಲಿಗೆಲ್ಲ ಅವರು ಚಾಚಾ. ಬೆನ್ನ ಹಿಂದೆ, ಕಬ್ಬಿಣದ ಜೋಯಿಸರು. ಭಾರ ಎತ್ತುವ ಹಳೆಯ ವಿಂಚುಗಳನ್ನು ರಿಪೇರಿ ಮಾಡುವವರಲ್ಲಿ ಅವರಷ್ಟು ಬಲ್ಲವರು ಈ ಊರಲ್ಲಿಲ್ಲ. ಅವರಷ್ಟು ತಲೆ ತಿನ್ನುವವರು ಯಾವ ಊರಲ್ಲೂ ಇಲ್ಲ. ಯಂತ್ರ ಹುಟ್ಟಿದ ವರ್ಷ ಗೊತ್ತಾಗುವವರೆಗೆ ಅವರು ಒಂದು ನಟ್ಟನ್ನೂ ಬಿಚ್ಚುವುದಿಲ್ಲ!

ನನ್ನದು ಬಿದ್ದ ಗಾಡಿ ಎತ್ತುವ ಕೆಲಸ. ಮೋರಿಗಿಳಿದ ಟೆಂಪೊ, ಗುಂಡಿಗೆ ಬಿದ್ದ ನೀರಿನ ಟ್ಯಾಂಕರು, ಮಗ್ಗುಲಾದ ಲಾರಿ, ಕೆ.ಆರ್. ಪುರದಿಂದ ಹಲಸೂರಿನವರೆಗೆ ಯಾವುದು ಎಲ್ಲಿ ಬಿದ್ದರೂ ನನಗೇ ಫೋನು. ಎತ್ತುವುದು ನಾನಲ್ಲ, ಗಾಡಿಯ ಮೇಲಿರುವ ವಿಂಚು. ದಪ್ಪ ಕಬ್ಬಿಣದ ಉರುಳೆ. ಅದು ತಿರುಗಿದಂತೆ ಉಕ್ಕಿನ ಹಗ್ಗ ಸುತ್ತಿಕೊಳ್ಳುತ್ತದೆ, ಬಿದ್ದದ್ದು ಮೇಲೆ ಬರುತ್ತದೆ. ನಮ್ಮಪ್ಪ ತಮ್ಮ ಬ್ರೇಕ್‌ಡೌನ್ ಲಾರಿಗೆ ಹಾಕಿಸಿದ್ದ ವಿಂಚು ಅದು. ಆ ಲಾರಿ ಗುಜರಿಗೆ ಹೋಯಿತು, ಆಮೇಲೆ ಮೂರು ಗಾಡಿ ಬದಲಾದವು, ವಿಂಚು ಮಾತ್ರ ಒಂದರಿಂದ ಇನ್ನೊಂದಕ್ಕೆ ಏರಿ ಬಂತು. ಈ ವರ್ಷ ಅದರೊಳಗಿನ ಕಂಚಿನ ಗೇರಿನ ಹಲ್ಲುಗಳು ಉದುರಿದವು. ಹೊಸದು ಹಾಕಿಸು ಎಂದು ಎಲ್ಲರೂ ಹೇಳಿದರು. ಒಂದು ಅವಕಾಶ ಕೊಡೋಣ ಎಂದುಕೊಂಡೆ. ರಿಪೇರಿಯಾದರೆ ಗಾಡಿಯ ಮೇಲೆ. ಆಗದಿದ್ದರೆ ಗುಜರಿಯ ತಕ್ಕಡಿಯ ಮೇಲೆ.

"ಎಷ್ಟು ದಿನ ಆಗತ್ತೆ ಚಾಚಾ?"

"ಹುಟ್ಟಿದ್ದು ಯಾವಾಗ?"

"ಎಪ್ಪತ್ತೈದರಲ್ಲಿ."

"ನಿನ್ ಜಾತಕ ಯಾರಿಗ್ ಬೇಕು ಬೇಟಾ? ಇದರದ್ದು ಹೇಳು!"

ನನಗೇನು ಗೊತ್ತು? ಅದರ ಮೇಲಿದ್ದ ಹಿತ್ತಾಳೆ ಫಲಕ ನನಗೆ ಬುದ್ಧಿ ತಿಳಿಯುವ ಮೊದಲೇ ಕಳೆದುಹೋಗಿತ್ತು. ಚಾಚಾ ವಿಂಚಿನ ಸಂದಿಗೆ ಬೆರಳು ಹಾಕಿದರು, ಗ್ರೀಸು ತೆಗೆದು ಮೂಸಿದರು. ಆಮೇಲೆ, ದೇವರಾಣೆ, ನಾಲಿಗೆಯ ತುದಿಗೆ ಮುಟ್ಟಿಸಿದರು! "ಥೂ, ಇದು ಈಗಿನದು" ಎಂದು ಉಗಿದು, ಇನ್ನೂ ಆಳಕ್ಕೆ ಬೆರಳು ಹಾಕಿ ಮತ್ತೆ ರುಚಿ ನೋಡಿದರು. ಮದುವೆಮನೆಯ ಪಾಯಸಕ್ಕೂ ಯಾರೂ ಅಷ್ಟು ಕಣ್ಣು ಮುಚ್ಚುವುದಿಲ್ಲ.

"ಪಿನ್ನೆಲ್ಲಿ?" ಎಂದರು ಕಣ್ಣು ತೆರೆದು.

ವಿಂಚಿನಲ್ಲಿ ಒಂದು ಚಿಕ್ಕ ಪಿನ್ನಿರುತ್ತದೆ. ಭಾರ ಹೆಚ್ಚಾದರೆ ಅದು ಪಟ್ಟೆಂದು ಮುರಿಯುತ್ತದೆ. ತಿಂಗಳಿಗೆರಡು ಸಲ ಮುರಿಯುತ್ತಿತ್ತು, ದರಿದ್ರದ್ದು! ನಾನು ತಲೆ ಓಡಿಸಿ ಆ ಜಾಗದಲ್ಲಿ ಗಟ್ಟಿ ಬೋಲ್ಟು ಹಾಕಿದ್ದೆ. ಹೆಮ್ಮೆಯಿಂದ ಹೇಳಿದೆ: "ಬೋಲ್ಟು ಹಾಕಿದೀನಿ ಚಾಚಾ. ಒಂದು ವರ್ಷದಿಂದ ಮುರಿದೇ ಇಲ್ಲ."

"ಶಾಬಾಶ್! ಬೋಲ್ಟ್ ಮುರೀಲಿಲ್ಲ, ಗೇರ್ ಮುರೀತು. ಅರೇ, ಮುರೀಲಿ ಅಂತ್ಲೇ ಇಟ್ಟಿರೋ ಪಿನ್ ಅದು! ಅದು ಮೆತ್ತಗಿದ್ರೆ ಮಿಕ್ಕಿದ್ದು ಉಳಿಯತ್ತೆ. ಮನೇಲಿ ಫ್ಯೂಸ್ ಹೋದ್ರೆ ಕಬ್ಬಿಣದ ಸಲಾಕೆ ಹಾಕ್ತೀಯೇನೋ? ಎಷ್ಟನೇ ಕ್ಲಾಸ್ ಓದಿದೀಯ?"

"ಏಳು ಮುಗಿಸಿದೀನಿ."

"ನಾನು ಮೂರು. ನಂಗೇ ಗೊತ್ತಾಗತ್ತೆ."

ಅವರ ಈ ರೋಗ ವಿಂಚಿಗೆ ಮಾತ್ರ ಸೀಮಿತವೇ? ಎಲ್ಲಿಯದು! ಹಳೆಯ ಲಾರಿಯ ಫೋಟೊದಲ್ಲಿ ವಿಂಚಿನ ಸುಳಿವು ಸಿಗಬಹುದೆಂದು ಒಂದು ಭಾನುವಾರ ಕಗ್ಗದಾಸಪುರದ ನಮ್ಮ ಮನೆಗೇ ಬಂದರು. ಫೋಟೊದಲ್ಲಿ ಲಾರಿಯ ಮೂತಿಯಿತ್ತು, ಹಿಂಭಾಗವಿರಲಿಲ್ಲ. ನಿರಾಶೆಯಿಂದ ತಿರುಗಿದವರ ಕಣ್ಣಿಗೆ ನನ್ನ ಹೆಂಡತಿಯ ಗ್ರೈಂಡರು ಬಿತ್ತು.

"ಮದುವೇಲಿ ಬಂದಿದ್ದಾ ಅಮ್ಮಾ?"

"ಹೂಂ ಸಾಬ್ರೇ. ನಮ್ಮಪ್ಪ ಶಿವಾಜಿನಗರದಲ್ಲೇ ತಗೊಂಡಿದ್ದು. ಹೊಚ್ಚಹೊಸದು."

ಚಾಚಾ ಅದನ್ನು ಮಗ್ಗುಲಾಗಿಸಿ ಅಡಿಯಲ್ಲಿ ಟಾರ್ಚು ಬಿಟ್ಟರು. "ಮದುವೆಗೆ ಬರೋಷ್ಟರಲ್ಲಿ ಇದಕ್ಕೆ ಐದು ವರ್ಷ ಆಗಿತ್ತು. ಮೋಟರಿನ ತಂತಿ ಎರಡನೇ ಸಲ ಸುತ್ತಿರೋದು. ಆದ್ರೆ ಕೆಲಸ ಮಾಡಿದವನು ಒಳ್ಳೆ ಕೆಲಸಗಾರ."

ಅವರು ಟೀ ಮುಗಿಸಿ ಹೊರಟದ್ದೇ ತಡ, ಹೆಂಡತಿ ತನ್ನಪ್ಪನಿಗೆ ಫೋನು ಹಚ್ಚಿದಳು. ಎಂಬತ್ತು ದಾಟಿದ ನಮ್ಮ ಮಾವನವರು ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳಿದರು: "ಆ ಮುದುಕ ಇನ್ನೂ ಇದಾನಾ?"

ಆ ಒಳ್ಳೆ ಕೆಲಸಗಾರ ಯಾರೆಂದು ನಾನು ಬಿಡಿಸಿ ಹೇಳಬೇಕೇ? ಒಂದು ವಾರ ನಮ್ಮ ಮನೆಯಲ್ಲಿ ದೋಸೆ ಇರಲಿಲ್ಲ.

ವಿಂಚು ಮಾತ್ರ ಇದ್ದಲ್ಲೇ ಇತ್ತು. ನಾನೇ ಗುಜರಿಯೆಲ್ಲ ಜಾಲಾಡಿ, ನೋಡಲು ಅಚ್ಚು ಹಾಗೆಯೇ ಇದ್ದ ಗೇರುಗಳನ್ನು ಒಂದರ ಮೇಲೊಂದು ತಂದೆ. ಅವರ ಅಂಗಡಿಯೋ ಒಂದು ಗೂಡು. ಬಾಗಿಲು ಮುಚ್ಚಿಕೊಳ್ಳದಂತೆ ಹೊಸ್ತಿಲಲ್ಲಿ ಒಂದು ಜಿಡ್ಡುಗಟ್ಟಿದ ಕಬ್ಬಿಣದ ಮುದ್ದೆ ಇಟ್ಟಿದ್ದರು. ಹೋದಾಗಲೊಮ್ಮೆ ಅದನ್ನು ಎಡವುತ್ತಿದ್ದೆ, ಬಂದಾಗಲೊಮ್ಮೆ ಬೈಯುತ್ತಿದ್ದೆ. ಗೇರು ಕೊಟ್ಟರೆ ಚಾಚಾ ಕಿವಿಯ ಹತ್ತಿರ ಹಿಡಿದು ತಟ್ಟಿ ಪಕ್ಕಕ್ಕಿಡುವರು.

"ನಕ್ಕೋ, ಬೇಡ. ಇದು ಅದರ ತಮ್ಮ."

"ಹಲ್ಲು ಎಣಿಸಿದೀನಿ ಚಾಚಾ! ಅಷ್ಟೇ ಇದೆ!"

"ಹಲ್ಲು ಎಣಿಸಿ ಹೆಣ್ಣು ಕೊಡ್ತಾರಾ?"

ಮೂರನೆಯ ಗೇರಿಗೂ ಹಾಗೆಯೇ ಅಂದಾಗ ನಾನು ಕೂಗಾಡಿದೆ. ಅವರು ಎಡಗೈ ಎತ್ತಿ ತೋರಿಸಿದರು. ತೋರುಬೆರಳು ಅರ್ಧವೇ ಇತ್ತು. ಪ್ರಾಯದಲ್ಲಿ ಒಂದು ವಿಂಚಿಗೆ ಬೇರೆ ವರ್ಷದ ಗೇರು ಹಾಕಿದ್ದರಂತೆ. ಹಲ್ಲಿನ ಓರೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಭಾರ ನಿಲ್ಲದೆ ಹಗ್ಗ ಹಿಂದಕ್ಕೋಡಿತಂತೆ.

"ಅವತ್ತು ನಾನೂ ಹಲ್ಲು ಎಣಿಸಿದ್ದೆ" ಎಂದರು.

ನನ್ನ ಕೋಪ ಇಳಿಯಿತು. ಒಂದರ್ಧ ನಿಮಿಷ ಮಾತ್ರ.

ಯಾಕೆಂದರೆ ಎರಡೂವರೆ ತಿಂಗಳಿಂದ ನನ್ನ ದೊಡ್ಡ ಗಾಡಿ ಕೈಯಿಲ್ಲದವನಂತೆ ಶೆಡ್ಡಿನಲ್ಲಿ ನಿಂತಿತ್ತು. ನನ್ನ ಇನ್ನೊಂದು ಗಾಡಿ ಕೆಟ್ಟು ನಿಂತ ಕಾರುಗಳನ್ನು ಹೊತ್ತೊಯ್ಯುವುದು, ಅದಕ್ಕೆ ಎತ್ತುವುದು ಗೊತ್ತಿಲ್ಲ. ಆಯುಧಪೂಜೆ ಹತ್ತಿರ ಬಂತು. ಅಷ್ಟರಲ್ಲಿ ನನ್ನದೇ ರಸ್ತೆಯ ಮೂಲೆಯಲ್ಲಿ ಒಂದು ನೀರಿನ ಟ್ಯಾಂಕರು ಅಗೆದಿಟ್ಟ ಗುಂಡಿಗೆ ಬಿತ್ತು. ಎತ್ತಲು ಬಂದದ್ದು ಬೇರೆಯವರ ಗಾಡಿ. ನಾನು ಹಲ್ಲುಜ್ಜುತ್ತಾ ಗೇಟಿನಲ್ಲಿ ನಿಂತು ನೋಡಿದೆ.

"ಏನಣ್ಣಾ, ನಿಮ್ ಗಾಡಿ ಎಲ್ಲಿ?" ಎಂದರು ಎದುರುಮನೆಯವರು.

ಶಿವಾಜಿನಗರದಲ್ಲಿ ಜಾತಕ ಬರೆಸುತ್ತಿದೆ ಎನ್ನಲೇ? ಬಾಯಿ ಮುಕ್ಕಳಿಸಿ, ಬಾಡಿಗೆ ಟೆಂಪೊ ತೆಗೆದುಕೊಂಡು ನೇರ ಗುಜರಿ ಗಲ್ಲಿಗೆ ಹೋದೆ. ಅವಕಾಶ ಕೊಟ್ಟದ್ದು ಸಾಕು, ಇವತ್ತು ತಕ್ಕಡಿಯೇ.

ಹೊಸ್ತಿಲಲ್ಲಿ ಅಭ್ಯಾಸಬಲದಿಂದ ಕಾಲೆತ್ತಿ ದಾಟಿದೆ. ದಾಟಲು ಅಲ್ಲಿ ಏನೂ ಇರಲಿಲ್ಲ. ಬಾಗಿಲಿಗೆ ಇಟ್ಟಿಗೆ ಕೊಟ್ಟಿದ್ದರು.

"ಕೂತ್ಕೋ ಬೇಟಾ."

"ಕೂರಲ್ಲ. ಎತ್ತಿಸಿ ಚಾಚಾ, ತೂಕಕ್ಕೆ ಹಾಕ್ತೀನಿ."

"ಹಾಕೋದಾದ್ರೆ ಹಾಕು. ಅರವತ್ನಾಲ್ಕು."

"ಏನು?"

"ಹುಟ್ಟಿದ್ದು! ಎಲ್ಲಾ ಬಣ್ಣದ ಅಡೀಲಿ ಎರಕದ ಗುರುತು ಸಿಕ್ತು. ಇದರ ಜೊತೆ ಹುಟ್ಟಿದ ಗೇರು ನನ್ ಹತ್ರಾನೇ ಇತ್ತು. ಇಪ್ಪತ್ತು ವರ್ಷದಿಂದ ಬಾಗಿಲಿಗೆ ಒತ್ತಾಗಿ ಇಟ್ಟಿದ್ದೆ. ಕೂರಿಸಿ ಎರಡು ದಿನ ಆಯ್ತು."

ಕಬ್ಬಿಣವೆಂದು ನಾನು ಎಡವಿ ಎಡವಿ ಬೈದ ಮುದ್ದೆ! ನನಗೆ ನಗು ಬರಲಿಲ್ಲ, ಮೈ ಉರಿಯಿತು. "ಎರಡು ದಿನ ಆಯ್ತಾ? ಒಂದು ಫೋನ್ ಮಾಡೋಕೆ ಏನಾಗಿತ್ತು ನಿಮಗೆ?"

"ಒಂದು ವರ್ಷ ತಾಳೆ ಆಗ್ತಿರ್ಲಿಲ್ಲ" ಎಂದು ಭೂತಗನ್ನಡಿ ಕೈಗಿಟ್ಟರು.

ನಮ್ಮಲ್ಲಿ ಆಯುಧಪೂಜೆಗೆ ವರ್ಷಕ್ಕೊಂದು ಕೋಟು ಹಳದಿ ಬಣ್ಣ ಹೊಡೆಯುವುದು ರೂಢಿ. ಹಳೆಯದನ್ನು ಕೆರೆಯುವುದಿಲ್ಲ, ಅದರ ಮೇಲೆಯೇ ಹೊಡೆಯುತ್ತೇವೆ. ವಿಂಚಿನ ಒಂದು ಮಗ್ಗುಲಲ್ಲಿ ಚಾಚಾ ಅಂಗೈಯಗಲ ಜಾಗವನ್ನು ಬ್ಲೇಡಿನಿಂದ ಮೆಟ್ಟಿಲು ಮೆಟ್ಟಿಲಾಗಿ ಹೆರೆದಿದ್ದರು. ಹಳದಿ, ಕೂದಲಿನಷ್ಟು ತೆಳ್ಳಗೆ ಧೂಳು. ಮತ್ತೆ ಹಳದಿ, ಮತ್ತೆ ಧೂಳು.

"ಮೇಲಿಂದ ಮೂವತ್ತಾರು ಪದರ. ಕೆಳಗೆ ಒಂಬತ್ತು. ಅದರ ಕೆಳಗೆ ಮಿಲಿಟ್ರಿ ಹಸಿರು. ಆದ್ರೆ ಈ ಒಂಬತ್ತಕ್ಕೂ ಮೂವತ್ತಾರಕ್ಕೂ ಮಧ್ಯೆ ನೋಡು, ಧೂಳು ದಪ್ಪ ಇದೆ. ಎರಡು ವರ್ಷದ್ದು. ಒಂದು ಆಯುಧಪೂಜೆ ತಪ್ಪಿದೆ."

ನಾನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

"ಕೆಳಗಿನ ಒಂಬತ್ತೂ ಒಂದೇ ಕೈ, ಬಲ್ಲ ಕೈ. ಅದರ ಮೇಲಿಂದು ಸಣ್ಣ ಕೈ. ಬ್ರಶ್ ಹಿಡಿಯೋಕೇ ಬರಲ್ಲ ಪಾಪ, ಸೋರಿಸಿದಾನೆ. ಬಟ್ಟೇಲಿ ಒರೆಸಿದಾನೆ. ದಾರ ಅಂಟ್ಕೊಂಡಿದೆ, ನೀಲಿದು." ಚಾಚಾ ದನಿ ಇಳಿಸಿದರು. "ಯಾವ ವರ್ಷ ಹೋದ್ರು ನಿಮ್ಮಪ್ಪ?"

"ಎಂಬತ್ತೆಂಟು" ಎಂದೆ.

ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ. ಮರುವರ್ಷ ಬಣ್ಣ ಹೊಡೆಯಲು ಮನೆಯಲ್ಲಿದ್ದ ಗಂಡಸು ನಾನೊಬ್ಬನೇ. ಒರೆಸಲು ಬಟ್ಟೆ ಬೇಕಾಗಿತ್ತು. ಶಾಲೆಯ ನೀಲಿ ಚಡ್ಡಿ ಗೂಟದಲ್ಲಿ ಸುಮ್ಮನೆ ನೇತಾಡುತ್ತಿತ್ತು, ಅದರಿಂದ ಇನ್ನೇನು ಕೆಲಸ ಎಂದು ಹರಿದೆ. ಇದನ್ನು ನಾನು ಹೆಂಡತಿಗೂ ಹೇಳಿದವನಲ್ಲ.

ಚಾಚಾ ನನ್ನ ಮುಖ ನೋಡಲಿಲ್ಲ. ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿಡುತ್ತಾ ಹೇಳಿದರು: "ಮಿಕ್ಕಿದ್ದೆಲ್ಲಾ ಕೆರೆದು ಹೊಸ ಬಣ್ಣ ಹೊಡೆದಿದೀನಿ. ಇಷ್ಟು ಜಾಗ ಬಿಟ್ಟಿದೀನಿ, ವಾರ್ನಿಶ್ ಹಾಕಿ. ಹಬ್ಬಕ್ಕೆ ಇದರ ಮೇಲೆ ಬ್ರಶ್ ಆಡಿಸಿದ್ರೆ ಕೈ ಮುರೀತೀನಿ."

"ಬೋಲ್ಟು?"

"ಬಿಸಾಕ್ದೆ. ಮೆತ್ತಗಿನ ಪಿನ್ನೇ ಹಾಕಿದೀನಿ. ಮುರಿದ್ರೆ ಮುರೀಲಿ ಬಿಡು, ಬೇರೆ ಹಾಕೋಣ."

ಈಗ ನನ್ನ ಹತ್ತಿರ ಗಾಡಿ ಎರಡು. ಡಬ್ಬಿಯಲ್ಲಿ ಮೆತ್ತನೆಯ ಪಿನ್ನು ಇಪ್ಪತ್ತಮೂರು. ಒಂದು ಆಗಲೇ ಮುರಿದಿದೆ. ಮುಗಿಸಿದ ಕ್ಲಾಸು ಏಳು. ಅಪ್ಪನ ವಿಂಚು ಒಂದು, ಅದರ ಮೇಲೆ ಅಂಗೈಯಗಲ ಜಾಗ. ಅಲ್ಲಿ ಅವರ ಪದರ ಒಂಬತ್ತು, ನನ್ನವು ಮೂವತ್ತಾರು, ನೀಲಿ ದಾರ ಒಂದು.